ಚುಕ್ಕೆ ಮಾವನ ಹಳೇ ಪತ್ರಿಕೆಗಳು

ನನ್ನ ಸೋದರಮಾವನಿಗೆ ಮನೆಯವರೆಲ್ಲ ಸೇರಿ ಇಟ್ಟ ಹೆಸರು ಚುಕ್ಕೆ ಮಾವ. ಫೋಟೊ ಸ್ಟುಡಿಯೊದಲ್ಲಿ ಅವರ ಕೆಲಸವೇ ಚುಕ್ಕೆ ತೆಗೆಯುವುದು. ಮುಖದ ಮೊಡವೆ, ಕೋಟಿನ ಮೇಲಿನ ಧೂಳು, ನೆಗೆಟಿವ್ ಮೇಲಿನ ಗೀರು, ಎಲ್ಲವನ್ನೂ ಸಣ್ಣ ಕುಂಚ ಹಿಡಿದು ಮಾಯ ಮಾಡುತ್ತಿದ್ದರು. ಕೆಲಸ ಬಿಟ್ಟ ಮೇಲೂ ಕೈ ಸುಮ್ಮನಿರಲಿಲ್ಲ. ಒಂದು ಕಂಪ್ಯೂಟರ್ ಕೊಂಡು, ಹಳೇ ಕಾಲದ ಪತ್ರಿಕೆಗಳ ಸ್ಕ್ಯಾನ್ ಪ್ರತಿಗಳನ್ನು ಕೂಡಿಹಾಕಿ, ಅವುಗಳ ಮೇಲಿನ ಧೂಳು, ಗೀರು ಒರೆಸತೊಡಗಿದರು. ಎಂಥ ಪತ್ರಿಕೆ ಅಂತೀರಿ? ಈಜುಡುಗೆ ತೊಟ್ಟು ನಗುವ ಯುವತಿಯರದು. ಮೊಣಕಾಲು ದಾಟುವ ಚರ್ಮದ ಬೂಟು, ಉದ್ದ ಕೈಗವಸು, ಮುಖವಾಡ ತೊಟ್ಟು ಚಾವಟಿ ಹಿಡಿದು ನಿಂತ ಹೆಂಗಸರದು. ಒಂದು ಕಾಲಕ್ಕೆ ಅಂಗಡಿಯವನು ಕಾಗದದಲ್ಲಿ ಸುತ್ತಿ ಮೇಜಿನ ಕೆಳಗಿನಿಂದ ಕೊಡುತ್ತಿದ್ದಂಥವು.

ಮಾವ ಅವನ್ನು ಕದ್ದು ನೋಡುವವರಲ್ಲ. ಹಜಾರದಲ್ಲಿ, ಬೀದಿ ಬಾಗಿಲು ತೆರೆದಿಟ್ಟುಕೊಂಡೇ ಕೂರುತ್ತಿದ್ದರು. ಹಾಲಿನವನು ಇಣುಕಿದರೆ ಕುರ್ಚಿ ಸರಿಸಿ ಜಾಗ ಕೊಡುತ್ತಿದ್ದರು. ಅವರ ತಂಗಿ, ಅಂದರೆ ನನ್ನಮ್ಮ, ಮೂಗು ಮುರಿದು ಹಿಂಬಾಗಿಲಿನಿಂದ ಬರುತ್ತಿದ್ದಳು. ಅತ್ತೆ ಮಾತ್ರ, ಊರ ಗಂಡಸರು ಕುಡಿದು ಬಂದು ಬೀಳುತ್ತಾರೆ, ಇವರು ಕೂತು ಧೂಳು ಒರೆಸುತ್ತಾರೆ, ಇದೇ ವಾಸಿ ಎಂದು ಎಲ್ಲರ ಬಾಯಿ ಮುಚ್ಚಿಸುತ್ತಿದ್ದರು. ನನಗೂ ಅತ್ತೆಯ ಮಾತೇ ಸರಿ ಅನ್ನಿಸುತ್ತಿತ್ತು.

ಹೀಗಿರುವಾಗ ದೊಡ್ಡಮ್ಮ ಬಂದರು. ದೊಡ್ಡಮ್ಮ ಎಂದರೆ ಅಮ್ಮ, ಮಾವ ಇಬ್ಬರಿಗೂ ಅಕ್ಕ. ಅವರ ದೃಷ್ಟಿ ಹೋಗುತ್ತಿದೆ, ಇನ್ನು ಕೆಲವೇ ತಿಂಗಳು ಎಂದು ಕಣ್ಣಿನ ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಇಪ್ಪತ್ತನಾಲ್ಕರ ವಯಸ್ಸಿನಲ್ಲಿ, ಕೈಗವಸು ಹೊಲಿಯುವ ಅಂಗಡಿಯಲ್ಲಿದ್ದಾಗ, ದೊಡ್ಡಮ್ಮ ಇಂಥದ್ದೇ ಒಂದು ಪತ್ರಿಕೆಗೆ ಫೋಟೊ ತೆಗೆಸಿಕೊಂಡಿದ್ದರು. ಮನೆಯಲ್ಲಿ ಇದು ಎಲ್ಲರಿಗೂ ಗೊತ್ತು, ಯಾರೂ ಎತ್ತುವುದಿಲ್ಲ. ಸುದ್ದಿ ತಿಳಿದಾಗ ಅಜ್ಜ, ಫೋಟೊದವನು ಹುಡುಗಿಯನ್ನು ಹೆದರಿಸಿ ನಿಲ್ಲಿಸಿದ ಎಂದು ತೀರ್ಪು ಕೊಟ್ಟು ಮಗಳನ್ನು ಕ್ಷಮಿಸಿದ್ದರು. ಅಂದಿನಿಂದ ದೊಡ್ಡಮ್ಮ ಎಲ್ಲರ ಬಾಯಲ್ಲೂ ‘ಪಾಪ’.

"ಹೆದರಿಸಿ ನಿಲ್ಲಿಸಿದ್ರು ಅಂತ ಎಲ್ಲರೂ ಅಂದ್ರು ಕಣೋ. ಕೇಳಿ ಕೇಳಿ ನಾನೂ ಹಾಗೇ ಅಂದ್ಕೊಂಡುಬಿಟ್ಟೆ," ಎಂದರು ದೊಡ್ಡಮ್ಮ ತಮ್ಮನಿಗೆ. "ಈಗ ನನ್ನ ನೆನಪು ಯಾವುದು, ಅವರು ಹೇಳಿದ್ದು ಯಾವುದು, ಒಂದೂ ತಿಳೀತಿಲ್ಲ. ಕಣ್ಣು ಹೋಗೋ ಮುಂಚೆ ಒಂದು ಸಲ ನೋಡಬೇಕು. ನಿಂತಿರೋ ರೀತಿ ನೋಡಿದ್ರೆ ನಂಗೆ ಗೊತ್ತಾಗುತ್ತೆ."

ಪತ್ರಿಕೆಯ ಹೆಸರು ಮರೆತಿತ್ತು. ಮುಖಕ್ಕೆ ಮುಖವಾಡ. ಗುರುತೆಂದರೆ ಎಡ ಭುಜದ ಮೇಲೆ ಗುಂಡಿಯಷ್ಟು ದೊಡ್ಡ ಕಪ್ಪು ಮಚ್ಚೆ, ಅದೊಂದೇ.

ಮಾವ ಹಟ ಹಿಡಿದರೆ ಉಡದ ಪಟ್ಟು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಮ್ಮ ಸಂಗ್ರಹದ ಒಂದೊಂದೇ ಪುಟ ನೋಡಿದರು. ನಾನೂ ಆಫೀಸು ಮುಗಿಸಿ ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. ಮುಖವಾಡದವರು ಬೇಕಾದಷ್ಟು ಸಿಕ್ಕರು, ಮಚ್ಚೆಯವಳು ಸಿಗಲಿಲ್ಲ. ಅತ್ತ ದೊಡ್ಡಮ್ಮ ಕಣ್ಣು ಸರಿಯಾಗಿ ಕಾಣದೆ ಬಾಗಿಲ ಚೌಕಟ್ಟಿಗೆ ಹಣೆ ಬಡಿದುಕೊಳ್ಳತೊಡಗಿದ್ದರು. ಸಾಕು ಬಿಡಿ, ಸತ್ತ ವಿಷಯ ಕೆದಕಬೇಡಿ ಎಂದಳು ಅಮ್ಮ. ನನಗೆ ಮೈ ಉರಿದುಹೋಯಿತು.

ಒಂದು ಸಂಜೆ ಮಾವ ಬೇಸರ ಕಳೆಯಲು ಹೊಸದಾಗಿ ಬಂದ ಪುಟವೊಂದನ್ನು ಶುಚಿ ಮಾಡುತ್ತಿದ್ದರು. ಚಿತ್ರದ ಹೆಂಗಸಿನ ಕತ್ತಿನ ಮೇಲೊಂದು ಕಪ್ಪು ಚುಕ್ಕೆ. ಕೈ ತನ್ನಷ್ಟಕ್ಕೆ ತಾನೇ ಹೋಗಿ ಅದನ್ನು ಒರೆಸಿತು. ಒರೆಸಿದ ಕೈಯನ್ನು ಮಾವ ಸುಟ್ಟುಕೊಂಡವರಂತೆ ಹಿಂದಕ್ಕೆಳೆದುಕೊಂಡರು.

"ನಾನೇ ಅಳಿಸಿದೀನಿ ಕಣೇ," ಎಂದರು ನನ್ನ ಕಡೆ ತಿರುಗಿ.

ಮೈಮೇಲೆ ಕಪ್ಪಗೆ ಕಂಡದ್ದೆಲ್ಲ ಕೊಳೆ ಎನ್ನುವುದು ಸ್ಟುಡಿಯೊ ಕಲಿಸಿದ ಪಾಠ. ಒರೆಸಿದ ಪ್ರತಿ ಸಿದ್ಧವಾದ ಕೂಡಲೇ ಮೂಲ ಪ್ರತಿಯನ್ನು ಅವರೇ ತೆಗೆದುಹಾಕುತ್ತಿದ್ದರು, ಗಲೀಜು ಯಾಕೆ ಇಟ್ಟುಕೊಳ್ಳಬೇಕು ಎಂದು. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದವರ ಗಾದೆ ಕೇಳಿದ್ದೆ. ಕೂಸಿನ ಗುರುತನ್ನೇ ತೊಳೆದುಬಿಟ್ಟು ಹುಡುಕಿದವರು ನಮ್ಮ ಮಾವ ಒಬ್ಬರೇ.

ಅವೇ ಪುಟಗಳ ಒರೆಸದ ಪ್ರತಿಗಳು ಇನ್ನೂ ಉಳಿದಿದ್ದದ್ದು ಒಬ್ಬ ಹಲ್ಲಿನ ಡಾಕ್ಟರ ಹತ್ತಿರ. ಅವರೂ ಇದೇ ಹುಚ್ಚಿನವರು, ಆದರೆ ಕೊಳೆ-ಕಲೆಯೂ ಪತ್ರಿಕೆಯದ್ದೇ, ಮುಟ್ಟಬಾರದು ಎನ್ನುವ ಪಂಥದವರು. ಮಾವ ಅವರನ್ನು ಸೋಮಾರಿ ಎಂದು ಬೈದು ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ಈಗ ತಾವಾಗಿಯೇ ಫೋನ್ ಮಾಡಿದರು, ತಪ್ಪಾಯಿತು ಎಂದರು, ಅಕ್ಕನ ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಒಳ್ಳೆ ಹಲ್ಲು ಕಿತ್ತು ಅತ್ತವರನ್ನು ಬಹಳ ನೋಡಿದ್ದೇನೆ ಎಂದು ಡಾಕ್ಟರು ಒಂದೇ ಒಂದು ಚುಚ್ಚುಮಾತು ಆಡಿ, ಅಷ್ಟನ್ನೂ ಕಳಿಸಿಕೊಟ್ಟರು.

ಮಾವ ಎರಡು ಪ್ರತಿಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು, ತಾವು ಒರೆಸಿದ್ದನ್ನೆಲ್ಲ ಮತ್ತೆ ಮೊದಲಿನಿಂದ ನೋಡುತ್ತ ಹೋದರು. ಬೆನ್ನು ನೋಯುತ್ತಿದೆ ಎಂದು ಅತ್ತೆಯ ಹತ್ತಿರ ಎಣ್ಣೆ ತಿಕ್ಕಿಸಿಕೊಂಡು ಮತ್ತೆ ಕೂತರು. ಕೊನೆಗೂ ಸಿಕ್ಕಿತು. ಬೂಟು, ಮುಖವಾಡ, ಎಡ ಭುಜದ ಮೇಲೆ ಮಚ್ಚೆ.

ಅಷ್ಟರಲ್ಲಿ ದೊಡ್ಡಮ್ಮನಿಗೆ ಕಣ್ಣಂಚಿನಲ್ಲಿ ಮಾತ್ರ ಒಂದಿಷ್ಟು ಕಾಣುತ್ತಿತ್ತು. ಮಾವ ಚಿತ್ರವನ್ನು ಪರದೆ ತುಂಬ ದೊಡ್ಡದು ಮಾಡಿದರು. ದೊಡ್ಡಮ್ಮ ಕೋಳಿ ಕಾಳು ನೋಡುವ ಹಾಗೆ ತಲೆ ಓರೆ ಮಾಡಿಕೊಂಡು, ಪಾದದಿಂದ ಮೇಲಕ್ಕೆ ನಿಧಾನವಾಗಿ ನೋಡುತ್ತ ಬಂದರು. ಅಮ್ಮನೂ ಬಂದಿದ್ದಳು, ಆದರೆ ಪರದೆಯ ಕಡೆ ಕಣ್ಣು ಹಾಯಿಸಿರಲಿಲ್ಲ.

"ಪಾಪ, ಎಷ್ಟು ಹೆದರಿದ್ಯೋ ಅಕ್ಕಾ," ಎಂದಳು.

ದೊಡ್ಡಮ್ಮ ಅವಳ ಕೈ ಹಿಡಿದು ಹತ್ತಿರ ಎಳೆದುಕೊಂಡರು.

"ನೋಡಿ ಮಾತಾಡೇ. ಹೆದರಿದವಳು ಸೊಂಟದ ಮೇಲೆ ಕೈ ಇಟ್ಕೊಂಡು ಹೀಗೆ ನಿಲ್ತಾಳಾ? ಯಾರೂ ನಿಲ್ಲಿಸಿದ್ದಲ್ಲ, ನಾನೇ ಹೋಗಿ ನಿಂತಿದ್ದು."