ಗೋಡೆಯ ಕೆಳಗಿನ ಮಗ್ಗುಲು

ಹೋದ ಭಾನುವಾರ ಒಬ್ಬರ ಮನೆಯ ಅಲಂಕಾರವನ್ನು ಹೊಗಳಿದೆ. ಆಮೇಲೆ ಅವರ ಮುಖ ನೋಡುವ ಧೈರ್ಯವಾಗಲಿಲ್ಲ. ಹೊಗಳಿದ್ದಕ್ಕೂ ನಾಚಿಕೆಯೇ? ಹೌದು, ಕೇಳಿ.

ಚಿಕ್ಕೋಡಿಯಲ್ಲಿ ನಮ್ಮ ಮನೆ ದಿಬ್ಬದ ಮೇಲೆ, ಶಮೀಮ್ ಭಾಬಿಯ ಮನೆ ಅದರ ಕೆಳಗೆ. ಮಳೆಗಾಲ ಬಂತೆಂದರೆ ನನ್ನ ಕೈತೋಟದ ಮಣ್ಣು ಅವರ ಅಂಗಳಕ್ಕೆ ಇಳಿಯುತ್ತಿತ್ತು. ಅದಕ್ಕೇ ಈ ಬೇಸಿಗೆಯಲ್ಲಿ ಮಣ್ಣು ತಡೆಯುವ ರಿಟೇನಿಂಗ್ ವಾಲ್ ಕಟ್ಟಿಸಿದೆವು. ಕಡಿಮೆ ಖರ್ಚಿನಲ್ಲಿ ಆಗಬೇಕು, ನೋಡಲೂ ಚೆಂದ ಇರಬೇಕು. (ಎರಡೂ ಒಟ್ಟಿಗೆ ಬೇಕೆನ್ನುವುದು ನಮ್ಮಂಥವರ ಚಟ.) ಮೊಬೈಲಿನಲ್ಲಿ ಡಿಸೈನ್ ನೋಡಿದ್ದೇ ನೋಡಿದ್ದು. ಹಳೆ ಮನೆ ಕೆಡವಿದವರಿಂದ ಕರಿಕಲ್ಲು ತಂದೆವು. ನೀರು ಹೊರಹೋಗಲು ಪೈಪಿನ ತುಂಡು ಇಡಿಸಿದೆವು.

"ಕೆಳಗಿನ ಬಾಜೂಕೂ ಗಿಲಾವ್ ಹಾಕೂದೈತೇನ್ರಿ?" ಸಿಮೆಂಟು ಕಲೆಸುತ್ತ ಗೌಂಡಿ ಕೇಳಿದ. (ಗಿಲಾವ್ ಎಂದರೆ ಪ್ಲಾಸ್ಟರು.)

"ಬ್ಯಾಡ ಬಿಡ್ರಿ, ಅಲ್ಲಿ ಯಾರ್ ನೋಡ್ತಾರ" ಎಂದೆ.

ಅಲ್ಲಿ ಉಳಿಸಿದ ದುಡ್ಡಿನಲ್ಲಿ ಮೇಲಿನ ಅಂಚಿಗೆ ಟೈಲ್ಸ್ ಬಂತು, ಹೂಕುಂಡ ಬಂತು. ಸಂಜೆ ಅಲ್ಲಿ ಕೂತು ಫೋಟೊ, ಸ್ಟೇಟಸ್.

ಭಾನುವಾರ ಭಾಬಿಯ ಮಗಳ ಮಂಗನಿ. (ನಿಶ್ಚಿತಾರ್ಥ ಅನ್ನಿ.) ನಿಪ್ಪಾಣಿಯಿಂದ ಬೀಗರು ಬಂದಿದ್ದರು. ಅಂಗಳದಲ್ಲಿ ಹುಡುಗಿಯನ್ನು ಕೂರಿಸಿದ್ದರು. ಅವಳ ಹಿಂದೆ ಉದ್ದಕ್ಕೂ ಹೂವಿನ ಚಾದರಗಳು, ಜರಿಯ ದುಪಟ್ಟಾಗಳು, ಚೆಂಡುಹೂವಿನ ಮಾಲೆ.

"ಭಾಬಿ, ಡೆಕೊರೇಶನ್ ಭಾಳ ಛಲೋ ಆಗೇತಿ. ಯಾರ ಐಡಿಯಾ?"

ಭಾಬಿ ಶರಬತ್ತಿನ ಗ್ಲಾಸು ಕೈಗಿಟ್ಟು ಒಳಗೆ ಹೋದರು. ಅಷ್ಟರಲ್ಲಿ ಗಾಳಿ ಬೀಸಿ ಒಂದು ಚಾದರ ಮೇಲೆದ್ದಿತು. ಹಿಂದೆ ಇದ್ದದ್ದು ನನ್ನ ಗೋಡೆ.

ಆಳೆತ್ತರದ ಗೋಡೆ. ಎಲ್ಲೆಂದರಲ್ಲಿ ಹೊರಚಾಚಿದ ಕಲ್ಲು, ಸೋರಿ ಗಟ್ಟಿಯಾದ ಸಿಮೆಂಟು. ಮೊದಲ ಮಳೆಗೇ ಪೈಪಿನಿಂದ ಇಳಿದ ಕೆಸರಿನ ಗೆರೆ. ಬೀಗರ ಕಡೆಯ ಹೆಂಗಸೊಬ್ಬರು ಪಕ್ಕದವರತ್ತ ಬಾಗಿ ಮರಾಠಿಯಲ್ಲಿ, ಇವರು ಗೋಡೆಯನ್ನು ಅರ್ಧಕ್ಕೇ ಬಿಟ್ಟಿದ್ದಾರಲ್ಲ ಎಂದರು.

ಭಾಬಿಯ ಗಂಡ ಅದನ್ನು ಕೇಳಿಸಿಕೊಂಡರು. ನನ್ನ ಕಡೆ ನೋಡಲೂ ಇಲ್ಲ. "ಕೆಲಸ ಇನ್ನೂ ನಡದೈತ್ರಿ. ಲಗ್ನದೊಳಗ ಮುಗಸ್ತೇವಿ" ಎಂದು ಚಾದರವನ್ನು ಎಳೆದು ಕಟ್ಟಿದರು.

ಅದು ನಮ್ಮ ಗೋಡೆ ಎಂದು ನಾನು ಆಗಲೇ ಹೇಳಬಹುದಿತ್ತಲ್ಲವೇ? ಹೇಳಲಿಲ್ಲ. ತಲೆ ತಗ್ಗಿಸಿ ಶರಬತ್ತು ಕುಡಿದೆ. ಊಟಕ್ಕೂ ನಿಲ್ಲದೆ ಮೆಟ್ಟಿಲು ಹತ್ತಿ ಬಂದೆ.

ಗುರುವಾರ ಧೈರ್ಯ ಮಾಡಿ ಕೆಳಗಿಳಿದೆ. ಭಾಬಿ ಕೊತ್ತಂಬರಿ ಸೊಪ್ಪು ಸೋಸುತ್ತಿದ್ದರು.

"ತಪ್ಪಾತ್ರಿ ಭಾಬಿ. ಗಿಲಾವ್ ಹಾಕಸ್ತೀನಿ. ಬಣ್ಣ ಯಾವುದ್ ಹಚ್ಚಸೂಣು?"

"ದಿನಾ ಎದ್ದಕೂಡ್ಲೇ ನಮ್ಮ ಮಾರಿ ಮುಂದ ಇದ ಇರ್ತೈತ್ರಿ ವಹಿನಿ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. (ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.) ಕೈಯಲ್ಲಿದ್ದ ಸೊಪ್ಪನ್ನು ಬುಟ್ಟಿಗೆ ಹಾಕುತ್ತ, "ತಿಳಿ ಹಳದಿ ಹಚ್ಚಸ್ರಿ" ಎಂದರು.

ಈಗ ಕೆಲಸ ನಡೆದಿದೆ. ಇಂಥ ಗೋಡೆಯ ಒಂದು ಮಗ್ಗುಲು ಮಣ್ಣಿನಲ್ಲೇ ಹೂತಿರುತ್ತದೆ. ಹೊರಗೆ ಇರುವುದು ಒಂದೇ ಮುಖ, ಅದು ಕಟ್ಟಿಸಿದವರಿಗೆ ಕಾಣುವುದಿಲ್ಲ. ಅಂದ ಹಾಗೆ, ನೀವು ನಿಮ್ಮ ಮನೆಯನ್ನು ಪಕ್ಕದವರ ಅಂಗಳದಲ್ಲಿ ನಿಂತು ನೋಡಿದ್ದು ಯಾವಾಗ?