ನಮ್ಮ ಮನ್ಯಾಗ ಯಾರೂ ಸಾಯಂಗಿಲ್ಲ

ಸಕ್ಕರಿ ಬ್ಯಾನಿಯಿಂದ ಕಣ್ಣು ಹೋದ ಮ್ಯಾಲೆ ನಾನು ಓದಿದ ಪುಸ್ತಕ, ಕಣ್ಣಿದ್ದಾಗ ಓದಿದ್ದಕ್ಕಿಂತ ಹೆಚ್ಚು. ಇದನ್ನ ಹೆಮ್ಮಿಯಿಂದ ಹೇಳ್ತೇನಿ ಅಂತ ತಿಳೀಬ್ಯಾಡ್ರಿ. ಹಳಿಯಾಳದಾಗ ಕನ್ನಡ ಮಾಸ್ತರ ಆಗಿದ್ದಾಗ ಪುಸ್ತಕ ತೆರೀಲಾರದ ಪಾಠ ಹೇಳೂ ವಿದ್ಯಾ ನನಗ ಛಲೋ ಒಲದಿತ್ತು. ಈಗ ಬ್ಯಾರೆ ಕೆಲಸ ಇಲ್ಲ, ಕೇಳ್ತೇನಿ.

ಕೇಳಲಿಕ್ಕೂ ದಾರಿ ಹಲವು. ಹಳೇ ದಾರಿ ಅಂದ್ರ ಹೆಂಡತಿ ಗಿರಿಜಾ. ಸಂಜೀಕ ಒಲಿ ಮ್ಯಾಲೆ ಸಾರಿಟ್ಟು, ಪಕ್ಕದಾಗ ಮಣಿ ಹಾಕ್ಕೊಂಡು ಕೂತು ಕಾದಂಬರಿ ಓದತಾಳ. ನಡುವ ಕುಕ್ಕರ ಕೂಗಿದ್ರ, ನಾಯಕಿ ಅಲ್ಲೇ ಸ್ಟೇಶನ್ನಿನ್ಯಾಗ ಕಾಯಬೇಕು. ಕಡೀ ಪುಟ ಬಂದಾಗ ಗಿರಿಜಾ ಓದೂದು ನಿಲ್ಲಿಸಿ ಮೂಗು ಏರಸತಾಳ. "ಯಾಕ?" ಅಂದ್ರ "ಒಗ್ಗರಣಿ ಘಾಟು ರೀ" ಅಂತಾಳ.

ಆಮ್ಯಾಲೆ ಕುರುಡರ ಲೈಬ್ರರಿಯಿಂದ ಅಂಚೆಯೊಳಗ ಬರೂ ಸೀಡಿ. ಅದರಾಗ ಓದೂ ಹೆಣ್ಣಮಗಳ ದನಿ ಎಷ್ಟು ಸವಿ ಅಂದ್ರ, ನನ್ನಂಥಾ ಸಕ್ಕರಿ ಬ್ಯಾನಿಯವರು ಹೆಚ್ಚು ಕೇಳಬಾರದು. ಆದ್ರ ಬ್ಯಾಸಗ್ಯಾಗ ಬೇಡಿದ ಕಾದಂಬರಿ ಥಂಡ್ಯಾಗ ಬರ್ತೈತಿ. ಒಂದ್ಸಲ ಗೀರು ಬಿದ್ದ ಸೀಡಿಯೊಳಗ ನಾಯಕ "ಬಾ, ಬಾ, ಬಾ" ಅಂತ ಕರದ ಕರದಾ, ಆಕಿ ಬರಲೇ ಇಲ್ಲ.

ಕಡೀಕ ಫೋನು ಬಂತು. ಬಸ್ ಸ್ಟ್ಯಾಂಡ್ ಹತ್ರ ಮೊಬೈಲ್ ರಿಪೇರಿ ಅಂಗಡಿ ಇಟ್ಟ ರಫೀಕ್, ನನ್ನ ಹಳೇ ವಿದ್ಯಾರ್ಥಿ, ಪುಸ್ತಕ ಓದೂ ಆ್ಯಪ್ ಹಾಕಿಕೊಟ್ಟ. ಅದಕ್ಕ ಕುಕ್ಕರಿಲ್ಲ, ಕೆಮ್ಮಿಲ್ಲ. ಪ್ರಕಾಶಕರ ವಿಳಾಸ, ಪುಟದ ನಂಬರು ಎಲ್ಲಾ ಭಕ್ತಿಯಿಂದ ಓದತೈತಿ. ಮದಿವಿಗೂ ಮಸಣಕ್ಕೂ ಒಂದ ದನಿ. ಸ್ಥಿತಪ್ರಜ್ಞ ಹಿಂಗಿರಬೇಕು ಅಂತ ಶಾಸ್ತ್ರ ಹೇಳ್ತಾವ ಖರೆ, ಆದ್ರ ಸ್ಥಿತಪ್ರಜ್ಞ ಕಥಿ ಹೇಳಬೇಕು ಅಂತ ಯಾವ ಶಾಸ್ತ್ರದಾಗೂ ಇಲ್ಲ.

ಯಾವುದು ಛಲೋ ಅಂತ ಪರೀಕ್ಷಾ ಮಾಡಲಿಕ್ಕೆ, ಗಿರಿಜಾ ಮೊದಲ ಓದಿದ್ದ ಒಂದು ಕಾದಂಬರಿನ ಫೋನಿನ್ಯಾಗ ಹಚ್ಚಿದೆ. ಅದರಾಗ ಗಂಗಾ ಅಂತ ಸೊಸಿ, ನನಗ ಭಾಳ ಬೇಕಾದ ಹುಡುಗಿ. ಗಿರಿಜಾ ಓದಿದಾಗ ಆಕಿ ಜಡ್ಡಿನಿಂದ ಎದ್ದು, ಗಂಡನ ಕೂಡ ಧಾರವಾಡದಾಗ ಮನಿ ಮಾಡಿದ್ಲು. ಫೋನು ಆಕೀನ್ನ ಸಾಯಿಸ್ತು. ಸಾಯಿಸಿ, ಪುಟದ ನಂಬರು ಹೇಳ್ತು.

ಕೋಲು ಹಿಡಕೊಂಡು ಸೀದಾ ರಫೀಕನ ಅಂಗಡಿಗೆ ಹೋದೆ. "ನಿನ್ನ ಫೋನು ಕೆಟ್ಟೈತಿ, ಕಥಿ ಬದಲ ಮಾಡತೈತಿ" ಅಂದೆ. ಅಂವ ಪಾಪ, ಸ್ಪೀಕರ್ ಊದಿ ಧೂಳು ತಗದಾ, ಮತ್ತ ಹಚ್ಚಿ ಕೇಳಿದಾ. ಗಂಗಾ ಮತ್ತ ಸತ್ತಳು.

"ಸರ್, ಮಷೀನು ಸುಳ್ಳು ಹೇಳಂಗಿಲ್ರಿ" ಅಂದ ರಫೀಕ್. "ಅಷ್ಟು ಶಾಣ್ಯಾ ಇಲ್ರಿ ಅದು."

ಮನಿಗೆ ಬರೂ ದಾರ್ಯಾಗ ಒಂದೊಂದ ನೆನಪಾತು. ಗಿರಿಜಾ ಓದಿದ ಯಾವ ಕಾದಂಬರ್ಯಾಗೂ ಯಾರೂ ಸತ್ತಿಲ್ಲ. ಮುದುಕರ ಜ್ವರ ಇಳದಾವ, ಮುಳುಗಿದವ್ರು ಈಜಿ ದಂಡಿಗೆ ಬಂದಾರ. ಇದು ನಮ್ಮ ಲೇಖಕರ ಆಶಾವಾದ ಅಂತ ತಿಳಿದು, ಹಳೇ ಮಾಸ್ತರುಗಳೆಲ್ಲಾ ಮೌಳಂಗಿ ಹೊಳಿದಂಡಿಗೆ ಪಿಕ್ನಿಕ್ ಹೋದಾಗ ಒಂದು ಭಾಷಣಾನೂ ಬಿಗಿದಿದ್ದೆ. ಎಲ್ಲಾರೂ ಸುಮ್ಮನ ಕೇಳಿದ್ರು. ಕುರುಡನ ಜೋಡಿ ಯಾರು ವಾದಾ ಮಾಡ್ತಾರ?

ಸಿಟ್ಟು ಬಂತು. ನನ್ನನ್ನೇನು ಕೂಸು ಅಂತ ತಿಳದಾಳ ಈಕಿ? ಮಠದಾಗ ಶ್ರಾವಣದ ಪುರಾಣ ಕೇಳಿದವ್ರಿಗೆ ಗೊತ್ತು, ಒಬ್ಬಾಂವ ಓದತಾನ, ಇನ್ನೊಬ್ಬಾಂವ ಅರ್ಥ ಹೇಳ್ತಾನ. ಅರ್ಥ ಹೇಳಾಂವ ಎಷ್ಟ ಊರು ಸುತ್ತಿ ಬಂದ್ರೂ ಸತ್ತ ರಾಕ್ಷಸನ್ನ ಎಬ್ಬಸಂಗಿಲ್ಲ. ಗಿರಿಜಾ ಇಬ್ಬರ ಕೆಲಸಾನೂ ಮಾಡಿ, ಮ್ಯಾಲೆ ಬ್ರಹ್ಮನ ಕೆಲಸಕ್ಕೂ ಕೈ ಹಾಕಿದ್ಲು. ಇನ್ನ ಮುಂದ ನನಗ ಖರೇ ಕಥಿ ಬೇಕು, ಫೋನೊಂದ ಸಾಕು ಅಂತ ಠರಾವು ಮಾಡಿದೆ.

ಠರಾವು ಹೋದ ವಾರದ ತನಕಾ ನಡೀತು. ಹೊಸಾ ಕಾದಂಬರಿ, ಅದರಾಗ ಒಬ್ಬ ಮುದುಕ, ಒಬ್ಬ ಮುದುಕಿ. ಕಡೀಕ ಮುದುಕಿ ಸತ್ತಳು. ಫೋನು ಅದ ದನಿಯೊಳಗ ಹೇಳಿ ಮುಂದ ನಡೀತು. ಫೋನು ಬಂದ್ ಮಾಡಿ, ಗಿರಿಜಾ ಲೈಬ್ರರಿಯಿಂದ ತಂದಿಟ್ಟಿದ್ದ ಅದ ಪುಸ್ತಕಾನ ತಡವಿ ತಗೊಂಡು ಅಡಗಿಮನಿಗೆ ಹೋದೆ.

"ಇದರ ಕಡೀ ಪುಟ ಓದ, ನೋಡೂಣು."

ಗಿರಿಜಾ ಪುಟ ತಿರುವಿದ್ಲು. ಮೂಗು ಏರಿಸಿದ್ಲು. ಒಲಿ ಹಚ್ಚಿರಲಿಲ್ಲ. ನಾನು ಯಾಕ ಅಂತ ಕೇಳಲಿಲ್ಲ.

ಆಮ್ಯಾಲೆ ಓದಿದ್ಲು: "ಮರುದಿನ ಮುದುಕಿಯ ಜ್ವರ ಇಳಿಯಿತು. ಎದ್ದು, ಗಂಡನಿಗೆ ಚಹ ಮಾಡಿಕೊಟ್ಟಳು."

"ಭಾಳ ಛಲೋ ಬರದಾನ," ಅಂದೆ.