ಕನ್ನಡಕ ತೆಗೆಯುವ ಡಾಕ್ಟರು

ನಮ್ಮ ಹಾಲಿವುಡ್ಡಿನಲ್ಲಿ ನಾಯಕನ ತಾಯಿ ಸಾಯಬೇಕಾದರೆ ಬರ್ನಿ ಟಿಲ್ಮನ್‌ಗೇ ಕರೆ ಹೋಗಬೇಕು. ನಲವತ್ತು ವರ್ಷ ಡಾಕ್ಟರ ಪಾತ್ರ, ಒಂದೇ ಮಾತು: "ನಮ್ಮ ಕೈಲಾದದ್ದೆಲ್ಲ ಮಾಡಿದ್ವಿ." ಬಿಳಿ ಕೋಟು ಮಾತ್ರ ಮನೆಯದೇ, ಹೆಂಡತಿ ಐರೀನ್ ಇಸ್ತ್ರಿ ಮಾಡಿದ್ದು. ಅವನ ಮುಖಕ್ಕೆ ಬಣ್ಣ ಹಚ್ಚುವ ನನಗೂ ಪಾಠ: "ಮೊದಲು ಕನ್ನಡಕ ತೆಗೀಬೇಕು ಕಣಯ್ಯಾ, ಆಮೇಲೆ ಬಾಯಿ ಬಿಡಬೇಕು. ಅಳೋರಿಗೆ ನಮ್ಮ ಕಣ್ಣು ಕಾಣಬೇಕು." ಹೋಟೆಲಿನಲ್ಲಿ ಮೆನು ಓದಿ ಕನ್ನಡಕ ತೆಗೆದರೂ ಸಾಕು, ಬಡಿಸುವ ಮೇಬಲ್ ಎದೆ ಹಿಡಿದುಕೊಂಡು, "ಅಯ್ಯೋ, ಈಗ ಯಾರು ಹೋದ್ರು ಡಾಕ್ಟ್ರೇ?" ಎನ್ನುತ್ತಿದ್ದಳು. ಐರೀನ್ ಆಸ್ಪತ್ರೆ ಸೇರಿದ ಮೂರನೆಯ ದಿನ ನಾನೂ ಜೊತೆಗಿದ್ದೆ. ಅವಳ ಕೋಣೆಯಿಂದ ಹೊರಬಂದ ಎಳೆಯ ಡಾಕ್ಟರ್ ಕನ್ನಡಕ ಮೇಲೆ ಸರಿಸಿಕೊಂಡು, ಕೈಯಲ್ಲಿದ್ದ ಕಾಗದವನ್ನೇ ತಿರುವುತ್ತಾ ನಿಂತ. ಬರ್ನಿ ಎದ್ದು ಅವನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದ: "ಮೊದಲು ಕನ್ನಡಕ ತೆಗಿಯಪ್ಪಾ, ಆಮೇಲೆ ಹೇಳು."